ಬಾಂಬರ್ ಹೊಟ್ಟೆಯೊಳಗಿನ ಬೂದುಗುಂಬಳಕಾಯಿ

ಇದನ್ನು ಬರೆಯಬೇಕೆಂದು ಪೆನ್ನು ಹಿಡಿದಾಗಲೆಲ್ಲ ನನಗೆ ಬೇರೇನೋ ತುರ್ತು ಕೆಲಸ ನೆನಪಾಗುತ್ತಿತ್ತು. ಒಮ್ಮೆ ಸೊಳ್ಳೆಪರದೆ ಹೊಲಿದೆ. ಇನ್ನೊಮ್ಮೆ ಚೆನ್ನಾಗಿ ನಡೆಯುತ್ತಿದ್ದ ಗೋಡೆ ಗಡಿಯಾರವನ್ನು ಬಿಚ್ಚಿ ನಿಲ್ಲಿಸಿದೆ. ಈಗ ಮನೆಯಲ್ಲಿ ಕೆಡಿಸಲು ಏನೂ ಉಳಿದಿಲ್ಲವಾದ್ದರಿಂದ ಹೇಳಿಬಿಡುತ್ತೇನೆ. ವಾಯುಪಡೆಯ ಬಾಂಬರ್ ವಿಮಾನದೊಳಗೆ ಬೂದುಗುಂಬಳಕಾಯಿ ಇಟ್ಟವನು ನಾನು. ಚಳ್ಳಕೆರೆಯ ಜನ ಇಷ್ಟು ವರ್ಷ ನಂಬಿಕೊಂಡು ಬಂದಿರುವಂತೆ ನನ್ನ ಗೆಳೆಯನಲ್ಲ.

ಗೆಳೆಯನೆಂದರೆ ಊರಲ್ಲಿ ಗ್ಯಾರೇಜು ಇಟ್ಟಿರುವ ಸಾಬರು. ಇಬ್ಬರೂ ಒಂದೇ ಹೈಸ್ಕೂಲಿನಲ್ಲಿ ಓದಿ, ಒಟ್ಟಿಗೆ ವಾಯುಪಡೆ ಸೇರಿ, ಉತ್ತರದ ಒಂದೂರಿನಲ್ಲಿ ಒಂದೇ ವಿಮಾನದ ಚಾಕರಿಗೆ ಬಿದ್ದವರು. ಅದರ ಹೆಸರು ಕ್ಯಾನ್‌ಬೆರಾ. ನಾವು ಸೇರುವಾಗಲೇ ಅದು ಹಳೆಯದು. ನಾವು ನಿವೃತ್ತರಾಗಿ ಊರಿಗೆ ಬಂದ ಮೇಲೂ ಹಾರುತ್ತಲೇ ಇತ್ತು. ನಮಗೆ ಮಂಡಿನೋವು ಬಂತು, ಅದಕ್ಕೆ ಬರಲಿಲ್ಲ. ಎಂಜಿನ್ ಶುರುವಾಗಲು ಒಳಗೊಂದು ತೋಟಾ ಸಿಡಿಯಬೇಕು. ಡಂ ಎಂದು ಸದ್ದಾಗಿ ಮೈಯೆಲ್ಲ ಕರಿ ಹೊಗೆ ಬಡಿಯುತ್ತಿತ್ತು. ಮೊದಲ ದಿನ ಅದನ್ನು ನೋಡಿ ಗೆಳೆಯ ನನ್ನ ಕಿವಿಯಲ್ಲಿ ಹೇಳಿದ್ದ: "ಲೇ, ಇದು ನಮ್ಮೂರ ಎಣ್ಣೆ ಮಿಲ್ಲಿನ ಹಳೇ ಎಂಜಿನ್ನೇ. ರೆಕ್ಕೆ ಕಟ್ಟವ್ರೆ ಅಷ್ಟೇ."

ಆ ವರ್ಷದ ಆಯುಧಪೂಜೆಗೆ ವಿಮಾನವನ್ನು ತೊಳೆದು, ಮೂತಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ನನಗೆ ಸಮಾಧಾನವಾಗಲಿಲ್ಲ. ನಮ್ಮೂರಲ್ಲಿ ಹೊಲಿಗೆ ಮಿಷನ್ನಿಗೂ ಕುಂಬಳಕಾಯಿ ಒಡೆಯುತ್ತಾರೆ; ಇಷ್ಟು ದೊಡ್ಡ ಬಾಂಬರಿಗೆ ನಿಂಬೆಹಣ್ಣು ಯಾವ ಮೂಲೆಗೆ? ಸಂತೆಯೆಲ್ಲ ಅಲೆದು ಒಂದು ಬೂದುಗುಂಬಳಕಾಯಿ ತಂದು, ತೂತು ಕೊರೆದು ಕುಂಕುಮ ತುಂಬಿ, ವಿಮಾನಕ್ಕೆ ನಿವಾಳಿಸುತ್ತಿದ್ದೆ. ವಾರೆಂಟ್ ಆಫೀಸರರು ಓಡಿಬಂದರು. ಒಡೆದ ಚೂರು ಎಂಜಿನ್ನಿನೊಳಗೆ ಹೋದರೆ ಕಾಯಿಯ ಬದಲು ನಿನ್ನನ್ನೇ ಒಡೆಯುತ್ತೇನೆ ಎಂದು ಹಿಂದಿಯಲ್ಲಿ ಬೈದು ಹೋದರು.

ನಿವಾಳಿಸಿದ ಕಾಯಿಯನ್ನು ಒಡೆಯದೆ ಬಿಸಾಡುವಂತಿಲ್ಲ. ಸಂಜೆ ಗೇಟಿನಾಚೆ ಒಡೆದರಾಯಿತೆಂದು, ಬಾಂಬುಗಳನ್ನು ಇಡುವ ವಿಮಾನದ ಹೊಟ್ಟೆಯ ಮೂಲೆಯಲ್ಲಿ ಚಿಂದಿ ಬಟ್ಟೆ ಸುತ್ತಿ ಇಟ್ಟೆ. ಸಂಜೆ ಸಿಹಿ ಹಂಚಿದರು. ನಾನು ಎರಡು ಸಲ ಸಾಲಿನಲ್ಲಿ ನಿಂತು ಲಾಡು ಇಸಿದುಕೊಂಡೆ. ಕಾಯಿ ಮರೆತೇಹೋಯಿತು.

ಮರುದಿನ ಬೆಳಿಗ್ಗೆ ಕೈಯಲ್ಲಿ ಪೂರಿ ಹಿಡಿದು ಮೆಸ್ಸಿನಿಂದ ಹೊರಬರುತ್ತೇನೆ, ಡಂ! ಕರಿ ಹೊಗೆ. ನಮ್ಮ ವಿಮಾನ ಹೊರಟೇಬಿಟ್ಟಿದೆ. ಅಂದು ಬಾಂಬು ತುಂಬಿರಲಿಲ್ಲ. ಹೊಟ್ಟೆಯ ಬಾಗಿಲು ಮೇಲೆ ಸರಿಯಾಗಿ ತೆರೆಯುತ್ತದೆಯೇ ಎಂದು ಪರೀಕ್ಷಿಸಲು ಹೋಗಿತ್ತು. ಬಾಗಿಲು ಬಹಳ ಸರಿಯಾಗಿ ತೆರೆಯಿತು. ಕೆಳಗೆ ಬಾಂಬಿನ ಅಭ್ಯಾಸದ ಬಯಲಿನಲ್ಲಿ ಕಾವಲಿನವರು ಚಹಾ ಕಾಸುತ್ತಿದ್ದರಂತೆ. ಕಾಯಿ ಅವರ ಕೆಟಲಿಗೆ ನೇರವಾಗಿ ಬಿತ್ತು. ಆ ವಿಮಾನದ ಗುರಿ ಅಷ್ಟು ಚೆನ್ನಾಗಿ ಇದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಸಾಹೇಬರು ಬಯಲಿನಿಂದ ಬಂದ ವರದಿ ಓದಿದರು. ಅಪರಿಚಿತ ವಸ್ತು ಬಿದ್ದಿದೆ. ಸಿಡಿದಿಲ್ಲ, ಒಡೆದಿದೆ. ಒಳಗೆ ಬೀಜಗಳಿವೆ. ಯಾರೋ ಹಿಂದೆ ಕಿಸಕ್ಕೆಂದರು. ನನ್ನ ತೋಳನ್ನು ನೋಡಿಕೊಂಡರೆ, ಕಾಯಿಯ ಬೂದಿ ನಿನ್ನೆಯಿಂದ ಹಾಗೇ ಬೆಳ್ಳಗೆ ಅಂಟಿಕೊಂಡಿದೆ! ಸಾಹೇಬರು ಒಬ್ಬೊಬ್ಬರನ್ನೇ ನೋಡುತ್ತ ಬರುತ್ತಿದ್ದರು. ಹಿಂದೆ ನಿಂತಿದ್ದ ಗೆಳೆಯ ಮೆಲ್ಲನೆ ನನ್ನ ತೋಳನ್ನು ಒರೆಸಿ, ಬೂದಿಯನ್ನು ತನ್ನ ಪ್ಯಾಂಟಿಗೆ ಬಳಿದುಕೊಂಡ. ಯಾರೂ ಬಾಯಿ ಬಿಡದ್ದರಿಂದ ಎಲ್ಲರನ್ನೂ ಬಿಸಿಲಿನಲ್ಲಿ ಓಡಿಸಿದರು.

ಪಕ್ಕದಲ್ಲಿ ಏದುಸಿರು ಬಿಡುತ್ತ ಗೆಳೆಯ ಹೇಳಿದ: "ನಿನ್ ಪೂಜೆ ಫಲ ಕೊಡ್ತು ಬಿಡ್ಲೇ. ವಿಮಾನಕ್ಕೆ ಏನೂ ಆಗ್ಲಿಲ್ಲ. ಆಗಿದ್ದೆಲ್ಲ ನಮಗೇ ಆತು."

ಅಂಥವನಿಗೆ ನಾನು ಮಾಡಿದ್ದು ಇದು.

ಊರಿಗೆ ಬಂದ ಮೇಲೆ ಅವನು ಗ್ಯಾರೇಜು ಹಾಕಿದ, ನಾನು ಅದರ ಮುಂದಿನ ಬೆಂಚು ಹಿಡಿದೆ. ಕೆಲವು ವರ್ಷಗಳ ಹಿಂದೆ ಕುದಾಪುರದ ಕಡೆಯಿಂದ ಪೈಲಟ್ ಇಲ್ಲದ ವಿಮಾನಗಳು ಹಾರತೊಡಗಿದವು. ತಲೆಯ ಮೇಲೆ ಗುಂಯ್ ಎಂದರೆ ಸಾಕು, ಬೆಂಚಿನವರೆಲ್ಲ ನನ್ನ ಕಡೆ ತಿರುಗುತ್ತಿದ್ದರು. ಒಂದು ದಿನ ನನ್ನ ಕಿರಿಯ ಮಗಳ ಮಾವ, ಹೊಸ ಬೀಗರು, ಪಕ್ಕದಲ್ಲಿ ಕೂತಿದ್ದರು. ಆ ಬಾಂಬರು ನನ್ನನ್ನು ಕೇಳದೆ ನೆಲ ಬಿಡುತ್ತಿರಲಿಲ್ಲ ಎಂದು ಅವರಿಗೆ ಆಗಲೇ ಹೇಳಿಯಾಗಿತ್ತು. ಮಾತಿನ ಓಘದಲ್ಲಿ ಕುಂಬಳಕಾಯಿಯ ಕಥೆಯನ್ನೂ ಬಿಟ್ಟೆ. ಬೆಂಚು ಬಿದ್ದು ಬಿದ್ದು ನಕ್ಕಿತು.

ಬೀಗರು ಕಣ್ಣೊರೆಸಿಕೊಂಡು ಕೇಳಿದರು: "ಅಲ್ರೀ, ಅಂಥಾ ದಡ್ಡ ಕೆಲ್ಸ ಮಾಡ್ದೋರು ಯಾರು?"

ಗೆಳೆಯ ಎದುರಿಗೇ ಒಂದು ಜೀಪಿನ ಕೆಳಗೆ ಮಲಗಿದ್ದ. ಕಾಲುಗಳಷ್ಟೇ ಕಾಣುತ್ತಿದ್ದವು. ನಾನು ಆ ಕಾಲುಗಳ ಕಡೆ ಬೆರಳು ತೋರಿಸಿದೆ. ಕಾಲುಗಳು ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಸ್ಪ್ಯಾನರ್ ತಿರುಗುವ ಸದ್ದು ಮತ್ತೆ ಶುರುವಾಯಿತು.

ವಾರ ಕಳೆಯುವುದರೊಳಗೆ ಅವನ ಹೆಸರು ಕುಂಬಳಕಾಯಿ ಸಾಬರು ಎಂದಾಯಿತು. ಗ್ಯಾರೇಜು ಕುಂಬಳಕಾಯಿ ಗ್ಯಾರೇಜಾಯಿತು. ದೊಡ್ಡಉಳ್ಳಾರ್ತಿಯಿಂದ ಟ್ರ್ಯಾಕ್ಟರ್ ತಂದವರೂ ಅದೇ ಹೆಸರು ಹೇಳಿ ದಾರಿ ಕೇಳುತ್ತಿದ್ದರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಅವನ ಹೆಂಡತಿಯನ್ನು ನಾನು ಭಾಬಿ ಎನ್ನುತ್ತೇನೆ. ಪ್ರತಿ ಈದ್ ಹಬ್ಬಕ್ಕೆ ಭಾಬಿಯ ಬೂದುಗುಂಬಳದ ಹಲ್ವಾ ತಿನ್ನಲು ಮೊದಲು ಹಾಜರಾಗುವವನು ನಾನೇ. ನಮ್ಮೂರ ಮಾರ್ಕೆಟ್ಟಿನಲ್ಲಿ ಆಕೆ ಕುಂಬಳಕಾಯಿ ಮುಟ್ಟಿದರೆ ಸಾಕು, "ಯಾವ್ ವಿಮಾನಕ್ಕೆ ಭಾಬಿ? ಪ್ಯಾಕ್ ಮಾಡ್ಲಾ, ಹಂಗೇ ಮೇಲಿಂದ ಬಿಡ್ಲಾ?" ಎಂದು ಕೇಳುತ್ತಾರೆಂಬುದು ನನ್ನ ಕಿವಿಗೂ ಬಿದ್ದಿತ್ತು. ಆದರೆ ಹಲ್ವಾ ಬರುತ್ತಲೇ ಇತ್ತು. ಕಾಯಿ ಎಲ್ಲಿಂದ ಬರುತ್ತಿದೆ ಎಂದು ನಾನು ಯೋಚಿಸಲಿಲ್ಲ.

ಹೋದ ವರ್ಷ ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದೆ ಭಾಬಿ ಕೂತಿದ್ದರು. ಮಡಿಲಲ್ಲಿ ಶಾಲು ಹೊದಿಸಿದ ಮಗು. ಪಕ್ಕದಲ್ಲಿ ಮೊಳಕಾಲ್ಮೂರಿನಲ್ಲಿ ತರಕಾರಿ ಮಾರುವ ಹೆಂಗಸು. ಕಂಡಕ್ಟರು ಬಂದ.

"ಹೆಂಗಸ್ರಿಗೆ ಫ್ರೀ ಐತೆ ಅಮ್ಮ. ಮಗೂಗೆ ಎಷ್ಟು ವಯಸ್ಸು?"

ತರಕಾರಿಯ ಹೆಂಗಸು ಶಾಲು ತಟ್ಟಿ, "ನಿನ್ನೆ ಕಿತ್ತಿದ್ದು ನಾಯನಾ. ಮಂಚಿ ಬಿಡ್ಡ, ಒಳ್ಳೇ ಕೂಸು, ಅಳೋದೇ ಇಲ್ಲ" ಎಂದಳು.

ಆಗ ಡ್ರೈವರು ಕುರಿ ಹಿಂಡಿಗೆ ಬ್ರೇಕ್ ಹಾಕಿದ. ಮಗು ಮಡಿಲಿನಿಂದ ಜಾರಿ, ಶಾಲು ಬಿಟ್ಟು, ಸೀಟುಗಳ ನಡುವೆ ಉರುಳುತ್ತ ಬಂದು ನನ್ನ ಕಾಲಿಗೆ ಬಡಿದು ನಿಂತಿತು. ಬೂದುಗುಂಬಳಕಾಯಿ!

ಎತ್ತಿಕೊಂಡೆ. ತೋಳಿಗೆಲ್ಲ ಬೂದಿ. ಆ ಕ್ಷಣ ಸುಮ್ಮನೆ ಅದನ್ನು ಭಾಬಿಯ ಕೈಗೆ ಕೊಟ್ಟಿದ್ದರೆ ನಾನು ಮನುಷ್ಯನಾಗುತ್ತಿದ್ದೆ. "ಭಾಬಿ, ಈ ಸಲಾನೂ ಬಾಂಬು ಗುರಿಗೇ ಬಿತ್ತು ನೋಡ್ರಿ!" ಎಂದೆ.

"ಯಾವ್ ಬಾಂಬು ತಾತ?" ಎಂದ ಕಂಡಕ್ಟರು.

ಅಷ್ಟು ಸಾಕಾಯಿತು. ಕಾಯಿಯನ್ನು ಎತ್ತಿ ಹಿಡಿದು ಇಡೀ ಬಸ್ಸಿಗೆ ಕಥೆ ಹೇಳಿದೆ, ಗೆಳೆಯನ ಹೆಸರು ಹಚ್ಚಿಯೇ. ಡ್ರೈವರು ನಗುತ್ತ ಹಾರನ್ ಬಾರಿಸಿದ. ತರಕಾರಿಯ ಹೆಂಗಸು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ಭಾಬಿ ಒಬ್ಬರೇ ಕಿಟಕಿಯಾಚೆ ನೋಡುತ್ತಿದ್ದರು. ಇಳಿಯುವಾಗ ಕಾಯಿ ಇಸಿದುಕೊಂಡು, "ಮೊಳಕಾಲ್ಮೂರಲ್ಲಿ ಯಾರಿಗೂ ಗೊತ್ತಿರ್ಲಿಲ್ಲ ಭಾಯ್‌ಸಾಬ್. ಅದಕ್ಕೇ ಅಲ್ಲಿಗಂಟ ಹೋಗ್ತಿದ್ದೆ" ಎಂದರು.

ಮುಂದಿನ ಈದ್ ಹಬ್ಬಕ್ಕೆ ಕ್ಯಾರೆಟ್ ಹಲ್ವಾ ಬಂತು. ಅದೂ ಚೆನ್ನಾಗಿತ್ತು. ಆದರೆ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮರುದಿನವೇ ಗ್ಯಾರೇಜಿಗೆ ಹೋದೆ. ಗೆಳೆಯ ಈ ವಯಸ್ಸಿನಲ್ಲೂ ಕಾರಿನ ಕೆಳಗೆ ತೂರಿದ್ದ. ಮುಖ ಕಾಣದಿದ್ದದ್ದೇ ಒಳ್ಳೆಯದಾಯಿತೆಂದು ಕಾಲುಗಳಿಗೇ ಹೇಳಿದೆ: "ತಪ್ಪಾತು ಕಣಯ್ಯಾ. ಕುಂಬಳಕಾಯಿ ಇಟ್ಟೋನು ನಾನು."

"ಗೊತ್ತಿಲ್ವೇನ್ಲೇ ನಂಗೆ? ಬೂದಿ ಒರೆಸ್ದೋನು ಯಾರು? ಆ ಸ್ಪ್ಯಾನರ್ ಕೊಡು."

"ಸಿಟ್ಟಿಲ್ವಾ?"

"ಇತ್ತು. ನೀನು ಬೀಗರ ಮುಂದೆ ಪೋಸ್ ಕೊಡ್ತಾ ಕೂತಿದ್ದೆ, ಹಾಳಾಗೋಗ್ಲಿ ಅಂದ್ಕೊಂಡೆ. ಆಮೇಲೆ ಆ ಹೆಸರಿಗೇ ಗಿರಾಕಿ ಬಂದ್ರು. ಮಾಫ್ ಮಾಡಿದೀನಿ, ಹೋಗು."

"ಭಾಬಿಗೆ ನಿಜ ಹೇಳಿದೀಯಾ?"

"ಇಲ್ಲ. ನಾನೇ ಇಟ್ಟೆ ಅಂತ್ಲೇ ಅವಳು ನಂಬವ್ಳೆ. ಹೇಳಿದ್ರೆ ನಿಂಗೆ ಹಲ್ವಾ ಹಾಕ್ತಿದ್ಲೇನೋ ಕತ್ತೆ?"

ಅವನು ಕ್ಷಮಿಸಿದ್ದು ತನ್ನ ಪಾಲಿನದು ಮಾತ್ರ. ಉಳಿದ ಪಾಲನ್ನು ನಾನೇ ಕೇಳಬೇಕಿತ್ತು. ಈ ಸಲದ ಈದ್ ಹಬ್ಬಕ್ಕೆ ಮಾತೆಲ್ಲ ಬಾಯಿಪಾಠ ಮಾಡಿಕೊಂಡು ಹೋದೆ. ಭಾಬಿ ತಟ್ಟೆ ಹಿಡಿದು ಬಂದರು. ಕ್ಯಾರೆಟ್ಟೇ.

"ಭಾಬಿ..." ಎಂದೆ.

"ಇನ್ನೂ ಸ್ವಲ್ಪ ಹಾಕ್ಲಾ ಭಾಯ್‌ಸಾಬ್?"

"ಹೂಂ, ಹಾಕ್ರಿ" ಎಂದೆ.

ಬಾಯಿ ತೆರೆದರೆ ಹಲ್ವಾ ಒಳಗೆ ಹೋಗುತ್ತದೆ, ಮಾತು ಹೊರಗೆ ಬರುವುದಿಲ್ಲ. ಅದಕ್ಕೇ ಬರೆದೆ. ಭಾಬಿಗೆ ಕನ್ನಡ ಓದಲು ಬರುವುದಿಲ್ಲ, ಅವರ ಸೊಸೆಗೆ ಚೆನ್ನಾಗಿ ಬರುತ್ತದೆ. ಆಕೆ ಗಟ್ಟಿಯಾಗಿ ಓದಿ ಹೇಳಲಿ. ಇನ್ನು ಹಲ್ವಾ ಸಿಗದಿದ್ದರೂ ಸರಿ. ಮಾರ್ಕೆಟ್ಟಿನಲ್ಲಿ ಯಾರಾದರೂ ನಕ್ಕರೆ, ಆ ದಡ್ಡ ನಮ್ಮವರಲ್ಲ ಎಂದು ನನ್ನ ಮನೆಯ ಕಡೆ ಬೆರಳು ತೋರಿಸಲಿ. ಸಾಹೇಬರಿಗೆ ನಾನು ಕ್ಷಮೆ ಕೇಳಬೇಕಿಲ್ಲ, ಬಿಸಿಲಲ್ಲಿ ಓಡಿ ತೀರಿಸಿದ್ದೇನೆ. ಗೆಳೆಯನ ಕಾಲುಗಳಿಗೆ ಕೇಳಿಯಾಯಿತು. ಕೇಳದೆ ಉಳಿದಿರುವುದು ಒಬ್ಬರನ್ನೇ: ಒಂದು ಕಾಯಿಗಾಗಿ ಮೊಳಕಾಲ್ಮೂರಿಗೆ ಹೋಗಿ, ಅದಕ್ಕೆ ಶಾಲು ಹೊದಿಸಿ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದ ನಮ್ಮ ಭಾಬಿಯನ್ನು.