ನನ್ನ ಕೈ ಸರಿಯಾಗಿಯೇ ಇತ್ತು

ಮೊನ್ನೆ ಪಕ್ಕದ ಮನೆಯ ಹುಡುಗಿ ನಮ್ಮ ಕಟ್ಟೆಯ ಮೇಲೆ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಪಾಪ, ಆ ಹುಡುಗಿಯ ಮೇಲಲ್ಲ. ನೇಲ್ ಪಾಲಿಶಿಗೂ ಸಿಟ್ಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನು ಹಳ್ಳಿಯ ಆರೋಗ್ಯ ಉಪಕೇಂದ್ರದ ನರ್ಸು. ದಿನಕ್ಕೆ ಇಪ್ಪತ್ತು ಸಲ ಸೋಪಿನಲ್ಲಿ ಕೈ ತೊಳೆಯುವವಳ ಉಗುರಿನ ಮೇಲೆ ಬಣ್ಣ ನಿಲ್ಲುವುದಾದರೂ ಹೇಗೆ? ಜೀವನದಲ್ಲಿ ಒಂದೇ ಒಂದು ಸಲ ಮನಸ್ಸಿಟ್ಟು ಅದನ್ನು ಹಚ್ಚಿದ್ದೇನೆ. ಅದೂ ಸ್ಕೂಟರಿಗೆ.

ಎರಡು ವರ್ಷದ ಹಿಂದಿನ ಮಾತು. ಮನೆ ಕೊಟ್ಟೂರಿನಲ್ಲಿ, ಉಪಕೇಂದ್ರ ಕೂಡ್ಲಿಗಿ ದಾರಿಯಿಂದ ಒಳಗಿರುವ ಹಳ್ಳಿಯಲ್ಲಿ. ಸ್ಕೂಟರು ಬರುವ ಮೊದಲು ತಿರುವಿನಲ್ಲಿ ಬಸ್ಸಿಳಿದು, ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಮೂರು ಕಿಲೋಮೀಟರು ನಡೆಯುತ್ತಿದ್ದೆ. ಇಲ್ಲವೇ ಯಾವುದಾದರೂ ಬೈಕು ಕಂಡರೆ "ಅಣ್ಣಾರ, ಸ್ವಲ್ಪ ಬಿಡ್ರಿ" ಎಂದು ಕೈ ಅಡ್ಡ ಹಿಡಿಯುತ್ತಿದ್ದೆ. ಬಿಟ್ಟವರು ಪುಣ್ಯವಂತರು, ಅನುಮಾನವಿಲ್ಲ. ಆದರೆ ದಿನಾ ಬೆಳಗ್ಗೆ ಯಾರದೋ ಬೆನ್ನ ಹಿಂದೆ ಮುದುರಿಕೊಂಡು ಕೂತು, ಅವರ ಮನೆಯ ಕಥೆಗೆಲ್ಲ ಹೂಂಗುಟ್ಟುತ್ತ ಬರುವುದಿದೆಯಲ್ಲ, ಅದು ನನಗೆ ಸೇರುತ್ತಿರಲಿಲ್ಲ. ಸ್ಕೂಟರು ಬಂದ ಮೇಲೆ ಹೆಗಲು ಹಗುರಾಯಿತು. ಮಾತು ಸ್ವಲ್ಪ ಜೋರಾಯಿತು ಎಂದು ನಮ್ಮ ಯಜಮಾನರು ಹೇಳುತ್ತಾರೆ, ಇದ್ದರೂ ಇರಬಹುದು.

ಅಂಥ ಸ್ಕೂಟರು ನಾಲ್ಕನೇ ವರ್ಷ ಮುಗ್ಗರಿಸತೊಡಗಿತು. ಹೋಗುತ್ತ ಹೋಗುತ್ತ ಒಂದು ಕ್ಷಣ ಉಸಿರು ಕಟ್ಟಿದಂತಾಗಿ, ಆಮೇಲೆ ದಡಕ್ಕನೆ ಮುಂದಕ್ಕೆ ಜಿಗಿಯುತ್ತಿತ್ತು. ಹಿಂದೆ ಲಾರಿ ಇದ್ದಾಗ ಹೀಗಾದರೆ ಜೀವ ಬಾಯಿಗೆ ಬರುತ್ತದೆ. ನಮ್ಮೂರಿನ ಮೆಕ್ಯಾನಿಕ್ ರುದ್ರೇಶಿಯ ಹತ್ತಿರ ಒಯ್ದೆ. ಅವನು ಏರಿ ಕೂತು, ಹಿಡಿಕೆಯನ್ನು ಪೂರ್ತಿ ತಿರುವಿ, ಬಸ್ ಸ್ಟ್ಯಾಂಡಿನವರೆಗೆ ರೊಂಯ್ಯನೆ ಹೋಗಿ ಬಂದ.

"ಗಾಡಿ ಬೆಣ್ಣಿ ಇದ್ದಂಗ ಐತ್ರಿ ಸಿಸ್ಟರ್. ನಿಮ್ ಕೈನ ಸರಿ ಇಲ್ಲ. ಲೇಡೀಸು ಎಕ್ಸ್‌ಲೇಟರ್ ಹೆದರಿ ಹೆದರಿ ಕೊಡ್ತೀರಿ, ಅದಕ್ಕ ಮಿಸ್ಸಿಂಗ್ ಹೊಡೀತೈತಿ."

ನನ್ನ ಕೈ! ಕೂಸಿನ ತೊಡೆಗೆ ಸೂಜಿ ಚುಚ್ಚಿ, ಅದು ಅಳುವುದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಹೊರಗೆ ತೆಗೆಯುವ ಕೈ. ಈ ಕೈ ನಡುಗುತ್ತದೆ ಎಂದು ನನ್ನ ಹಳ್ಳಿಯ ಒಬ್ಬ ತಾಯಿ ಹೇಳಲಿ ನೋಡೋಣ. ಮತ್ತೆ ಎರಡು ಸಲ ಒಯ್ದೆ. ರುದ್ರೇಶಿ ಪ್ಲಗ್ ಬದಲಾಯಿಸಿದ, ಫಿಲ್ಟರಿನ ಧೂಳು ಊದಿದ, ಪೆಟ್ರೋಲಿನಲ್ಲಿ ನೀರಿರಬೇಕು ಎಂದ, ಕೊನೆಗೆ ತಿರುಗಿ ನನ್ನ ಕೈಗೇ ಬಂದ. ಸಾಲದ್ದಕ್ಕೆ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡೇ ಯಜಮಾನರಿಗೆ ಫೋನು ಹಚ್ಚಿ ವರದಿ ಒಪ್ಪಿಸಿದ. ಸಂಜೆ ಯಜಮಾನರೂ ಒಂದು ಸುತ್ತು ಓಡಿಸಿದರು. ಅವರ ಕೈಯಲ್ಲೂ ಬೆಣ್ಣೆಯೇ.

"ನಿನಗ ಆಗೂದಿಲ್ಲ ಬಿಡು," ಎಂದರು. "ಎಲ್ಯಾರ ಬಿದ್ದು ಕೈಕಾಲು ಮುರಕೊಂಡಿ. ಭಾನುವಾರ ಒಬ್ರು ನೋಡಾಕ ಬರ್ತಾರ, ಕೊಟ್ಟುಬಿಡೂಣು. ಮೊದಲಿನಂಗ ಬಸ್ಸಿಗೆ ಹೋಗು."

ಪ್ರೀತಿಯಿಂದಲೇ ಹೇಳಿದ್ದು ಎಂದು ಅವರು ಇವತ್ತಿಗೂ ವಾದಿಸುತ್ತಾರೆ. ಆದರೆ ಆ ತಿರುವಿನಲ್ಲಿ ಮತ್ತೆ ಕೈ ಅಡ್ಡ ಹಿಡಿದು ನಿಲ್ಲಬೇಕಾದವಳು ನಾನು. ನನ್ನ ಗಾಡಿಯನ್ನು ನನ್ನನ್ನು ಕೇಳದೆ ಮಾರಲು ಹೊರಟಿದ್ದರಲ್ಲ, ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಮನೆಯಲ್ಲಿ ನನ್ನ ಮಾತು ನಂಬಿದವರು ನಮ್ಮ ಅತ್ತೆ ಒಬ್ಬರೇ. ಕುರಿ ಕಾಯ್ದು ಬೆಳೆದ ಜೀವ. ಸ್ಕೂಟರಿನ ಮೇಲೆ ಒಂದು ದಿನವೂ ಕೂತವರಲ್ಲ. ರೊಟ್ಟಿ ಮುರಿಯುತ್ತ ಮಗನಿಗೆ ಕೇಳುವಂತೆಯೇ ನನಗೆ ಹೇಳಿದರು:

"ಕುಂಟೋ ಕುರೀನ ಓಡಿಸಿ ನೋಡಿದ್ರ ಏನ್ ಗೊತ್ತಾಗತೈತಿ ಯವ್ವಾ? ಓಡೂವಾಗ ಎಲ್ಲಾ ಕುರಿನೂ ಚಂದ ಓಡ್ತಾವ. ನಿಧಾನಕ್ಕ ನಡಿಸಬೇಕು. ಯಾವ ಹೆಜ್ಜಿಗೆ ತಲಿ ತೂಗ್ತೈತಿ ನೋಡಬೇಕು. ಅದ ಹೆಜ್ಜ್ಯಾಗ ನೋವು ಇರತೈತಿ."

ನಾನು ಅವರ ಮುಖವನ್ನೇ ನೋಡಿದೆ. ಈ ಗಂಡಸರಿಬ್ಬರೂ ಮಾಡಿದ್ದು ಓಡಿಸಿ ನೋಡುವ ಕೆಲಸವನ್ನೇ ಅಲ್ಲವೇ?

ಶನಿವಾರ ಬೆಳಗ್ಗೆ ಹಿಡಿಕೆಯ ಮೇಲೆ ಕೆಂಪು ನೇಲ್ ಪಾಲಿಶಿನಿಂದ ಒಂದು ಗೆರೆ ಎಳೆದೆ. ಅದಕ್ಕೆ ಸರಿಯಾಗಿ, ತಿರುಗದ ಭಾಗದ ಮೇಲೆ ಇನ್ನೊಂದು. ಖಾಲಿ ರಸ್ತೆಗೆ ಹೋಗಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುವುತ್ತ ಬಂದೆ. ಮುಗ್ಗರಿಸಿತು. ಗಾಡಿ ನಿಲ್ಲಿಸಿ, ಹಿಡಿಕೆಯ ಗೆರೆ ಎಲ್ಲಿಗೆ ಬಂದಿತ್ತೋ ಅಲ್ಲೊಂದು ಚುಕ್ಕೆ ಇಟ್ಟೆ. ಹತ್ತು ಸಲ ಮಾಡಿದೆ. ಹತ್ತೂ ಸಲ ಆ ಚುಕ್ಕೆಗೆ ಬಂದಾಗಲೇ ಮುಗ್ಗರಿಸಿತು. ಒಮ್ಮೆಲೇ ತಿರುವಿದರೆ ಏನೂ ಇಲ್ಲ, ನೋವಿನ ಜಾಗವನ್ನು ಹಾರಿಕೊಂಡು ಹೋಗಿಬಿಡುತ್ತಿತ್ತು. ರಸ್ತೆ ಬಿಟ್ಟು ಹಿಡಿಕೆಯನ್ನೇ ನೋಡಿದ್ದಕ್ಕೆ ಒಂದು ಜಾಲಿಗಿಡಕ್ಕೆ ಅರ್ಧ ಸೆರಗು ಕೊಟ್ಟು ಬಂದೆ, ಅದು ಬೇರೆ ಮಾತು.

ರುದ್ರೇಶಿ ಕೆಂಪು ಗೆರೆ ನೋಡಿ ಮೊದಲು ನಕ್ಕ. ಆಮೇಲೆ ತಾನೂ ನಿಧಾನವಾಗಿ ತಿರುವಿದ. ನಗು ನಿಂತಿತು. ಗಾಡಿಯ ಒಳಗೆ ಹೆಬ್ಬೆರಳಿನಷ್ಟು ಗಾತ್ರದ ಕಪ್ಪು ಡಬ್ಬಿಯೊಂದನ್ನು ಹುಡುಕಿ, ಅದಕ್ಕೆ ಕರೆಂಟು ಅಳೆಯುವ ಮೀಟರಿನ ತಂತಿ ಹಿಡಿದ. ಥ್ರಾಟಲ್ ಸೆನ್ಸರ್ ಅಂತೆ. ನಾವು ಹಿಡಿಕೆಯನ್ನು ಎಷ್ಟು ತಿರುವಿದ್ದೇವೆ ಎಂದು ಎಂಜಿನ್ನಿಗೆ ತಿಳಿಸುವುದು ಅದರ ಕೆಲಸ. ನಾನು ತಿರುವುತ್ತ ಹೋದಂತೆ ಮೀಟರಿನ ಅಂಕಿ ಸಮನಾಗಿ ಏರಿತು, ಚುಕ್ಕೆಯ ಹತ್ತಿರ ಸೊನ್ನೆಗೆ ಬಿತ್ತು, ಮತ್ತೆ ಏರಿತು. ಹೊಸದು ಹಾಕಿದ. ಗಾಡಿ ನಿಧಾನಕ್ಕೂ ಬೆಣ್ಣೆಯಾಯಿತು. ಹಳೆಯದನ್ನು ಸ್ಕ್ರೂಡ್ರೈವರಿನಿಂದ ಮೀಟಿ ಬಿಚ್ಚಿದ. ಒಳಗೆ ಕಪ್ಪು ಪಟ್ಟಿ, ಅದರ ಮೇಲೆ ಓಡಾಡುವ ಒಂದು ಸಣ್ಣ ಕಡ್ಡಿ. ಪಟ್ಟಿಯ ಒಂದೇ ಒಂದು ಜಾಗ ಸವೆದು ಬಿಳಚಿಕೊಂಡಿತ್ತು.

"ದಿನಾ ಒಂದ ಸ್ಪೀಡಿನಾಗ ಹೋಗ್ತೀರೇನ್ರಿ ಸಿಸ್ಟರ್? ಕಡ್ಡಿ ಅಲ್ಲೇ ನಿಂತು ನಿಂತು ಸವದೈತಿ ನೋಡ್ರಿ."

ಹೋಗುತ್ತೇನೆ. ನಲವತ್ತರಲ್ಲಿ. ಗಾಡಿ ತಂದ ದಿನವೇ ಯಜಮಾನರ ಅಪ್ಪಣೆಯಾಗಿತ್ತು, ನಲವತ್ತು ದಾಟಬಾರದು ಎಂದು. ಪ್ರತಿ ಸಂಜೆ "ಎಷ್ಟರಾಗ ಬಂದಿ?" ಎಂದು ಕೇಳುತ್ತಿದ್ದರು, "ನಲವತ್ತರಾಗ" ಎನ್ನುತ್ತಿದ್ದೆ. ಸಂಸಾರದಲ್ಲಿ ನಾನು ತುಟಿ ಎರಡು ಮಾಡದೆ ಪಾಲಿಸಿದ್ದು ಇದೊಂದೇ ಮಾತು. ನೀವೇ ಹೇಳಿ, ಹೆದರುವ ಕೈಯಾಗಿದ್ದರೆ ಆ ಪಟ್ಟಿ ಅಲ್ಲೊಂದು ಇಲ್ಲೊಂದು ಸವೆಯಬೇಕಿತ್ತು. ನಾಲ್ಕು ವರ್ಷ ಒಂದೇ ಜಾಗದಲ್ಲಿ ಅಲುಗದೆ ನಿಂತ ಕೈಗೆ ಇವರು ಇಟ್ಟ ಹೆಸರು ನೋಡಿ!

ಅಷ್ಟರಲ್ಲಿ ರುದ್ರೇಶಿ ಮತ್ತೆ ಫೋನು ಹಚ್ಚಿದ್ದ. "ಅಣ್ಣಾರ, ಸಿಕ್ತು ನೋಡ್ರಿ. ಸೆನ್ಸರ್ ಹೋಗಿತ್ತು. ನನಗ ಮೊದಲ ಡೌಟಿತ್ತು."

ಅವನ ಕೈಯಿಂದ ಫೋನು ಕಸಿದುಕೊಂಡೆ. "ರೀ, ನಾಳಿ ಬರೋರಿಗೆ ಬ್ಯಾಡ ಅಂತ ಹೇಳ್ರಿ. ಗಾಡಿ ನಂದು, ಕೊಡೂದಿಲ್ಲ."

ಆ ಕಡೆಯಿಂದ ಯಜಮಾನರು "ಆತು," ಎಂದರು. ಮತ್ತೆ, "ಇನ್ ಮ್ಯಾಲ ನಲವತ್ತೈದರಾಗ ಹೋಗು. ನಲವತ್ತರಾಗ ಹೋದ್ರ ಅದೂ ಸವದೀತು."

ತಪ್ಪಾಯಿತು ಎಂಬ ಮಾತು ಅಂದೂ ಬರಲಿಲ್ಲ, ಈ ಎರಡು ವರ್ಷದಲ್ಲೂ ಬಂದಿಲ್ಲ. ಬರುತ್ತದೆಂದು ನಾನೂ ಕಾಯುತ್ತಿಲ್ಲ. ನಿನ್ನೆ ಸಂಜೆ ಬಾಗಿಲಲ್ಲಿ ಹೆಲ್ಮೆಟ್ ತೆಗೆಯುತ್ತಿದ್ದಾಗ ಯಜಮಾನರು ಎಂದಿನಂತೆ ಕೇಳಿದರು:

"ಎಷ್ಟರಾಗ ಬಂದಿ?"

"ರಸ್ತಿ ಹೆಂಗಿತ್ತೋ ಹಂಗ ಬಂದೆ," ಎಂದೆ.

ಅವರು ಅಂಕಿಗಾಗಿ ಕಾಯುತ್ತ ನಿಂತೇ ಇದ್ದರು. ನಾನು ಕೈ ತೊಳೆಯಲು ಒಳಗೆ ಹೋದೆ.