ರೀಲು ಬದಲಾಗುವ ಹೊತ್ತು

ಪಿರಿಯಾಪಟ್ಟಣದ ಕಡೆಯ ನಮ್ಮೂರಿನ ಸಿನಿಮಾ ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರ್ ಇತ್ತು. ರೀಲು ಮುಗಿದಾಗಲೆಲ್ಲ ಇನ್ನೊಂದನ್ನು ಹಾಕುವವರೆಗೆ ದೀಪ ಹಚ್ಚುತ್ತಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಹುಣಸೂರಿನಲ್ಲಿ ಬಿ.ಎ. ಓದುತ್ತಿದ್ದೆ.

ಟೆಂಟಿನಲ್ಲಿ ಕುರ್ಚಿ ಊರ ಯಜಮಾನರದು, ಬೆಂಚು ಅವರ ಪೈಕಿಯ ನಮ್ಮಂಥ ಹುಡುಗರದು, ಪರದೆಯ ಮುಂದಿನ ಮರಳು ಕೇರಿಯವರದು. ಹಾಗೆಂದು ಯಾರೂ ಬರೆದು ಹಾಕಿರಲಿಲ್ಲ. ನನ್ನ ಜೊತೆ ಕಾಲೇಜಿಗೆ ಬರುತ್ತಿದ್ದ ಗೆಳೆಯ ಕೇರಿಯವನು. ಅವತ್ತು ಸಂಜೆಯ ಆಟಕ್ಕೆ ನಾನೇ ಅವನನ್ನು ಬೆಂಚಿಗೆ ಎಳೆದುಕೊಂಡು ಹೋದೆ.

"ಬ್ಯಾಡ ಕಣ್ಲಾ, ಮರಳೇ ಮೆತ್ಗಿರ್ತದೆ," ಅಂದ.

"ಬಾರ್ಲಾ, ಡಿಗ್ರಿ ಓದೋನು ಕತ್ತು ನೋಯಿಸ್ಕೊಂಡು ನೋಡ್ತೀಯ?"

ಸಿನಿಮಾದಲ್ಲಿ ಕೈಕಟ್ಟಿ ನಿಂತಿದ್ದ ಆಳು ಜಮೀನ್ದಾರನ ಚಾಟಿ ಕಿತ್ತುಕೊಂಡ. ಮರಳಿನವರು ಚಪ್ಪಾಳೆ ತಟ್ಟಿದರು. ನಾನು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದೆ. ಚಾಟಿ ಮೇಲೆದ್ದಿತ್ತು, ಅಷ್ಟರಲ್ಲಿ ರೀಲು ಮುಗಿದು ದೀಪ ಬಂತು.

ಮರಳು ಥಟ್ಟನೆ ಸುಮ್ಮನಾಯಿತು. ಹಿಂದಿನ ಕುರ್ಚಿಗಳಿಂದ ಮೂವರು ಎದ್ದು ಬಂದರು.

"ಯಾವನ್ಲಾ ಸಿಳ್ಳೆ ಒಡ್ದೋನು?"

ನನ್ನ ಬೆರಳು ಇನ್ನೂ ಒದ್ದೆಯಿತ್ತು. ಪ್ಯಾಂಟಿಗೆ ಒರೆಸಿಕೊಂಡೆ. ಅವರು ನನ್ನನ್ನು ನೋಡಲೇ ಇಲ್ಲ.

"ಓಹೋ, ಸಾಹೇಬ್ರು ಬೆಂಚಿಗೆ ಬಂದವ್ರೆ. ಎದ್ದೇಳ್ಲಾ, ಒಸಿ ಆಚೆ ಬಾ. ನಮ್ಗೂ ಸಿಳ್ಳೆ ಕಲ್ಸು."

ಗೆಳೆಯ ಒಮ್ಮೆ ನನ್ನ ಕಡೆ ನೋಡಿದ. ಸಿಳ್ಳೆ ಹೊಡೆದವನು ನಾನು ಎಂದರೆ ಸಾಕಿತ್ತು. ಆ ಮೂವರಲ್ಲೊಬ್ಬ ನನ್ನ ಸೋದರಮಾವ. ನನ್ನನ್ನಾದರೆ ಬೈದು ಬಿಟ್ಟುಬಿಡುತ್ತಿದ್ದ. ನಾನು ಕಾಲು ಒತ್ತರಿಸಿ ದಾರಿ ಬಿಟ್ಟೆ; ಅವರು ಅವನನ್ನು ಆಚೆ ಎಳೆದೊಯ್ದರು.

ದೀಪ ಆರಿತು. ತೆರೆಯ ಮೇಲೆ ಚಾಟಿಯ ಸದ್ದು, ಟೆಂಟಿನ ಬಟ್ಟೆಯಾಚೆ ಇನ್ನೊಂದು ಸದ್ದು. ಇವತ್ತಿಗೂ ಎರಡನ್ನೂ ಬೇರ್ಪಡಿಸಲಾರೆ. ನಾನು ಕೊನೆಯವರೆಗೂ ಕೂತೇ ಇದ್ದೆ.

ಆ ಏಟಿಗೆ ಅವನ ಎಡಗಿವಿ ಹೋಯಿತು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಅವನು ಮತ್ತೆ ಬರಲಿಲ್ಲ.

ಅಂಥ ಕತೆಯ ಸಿನಿಮಾಗಳನ್ನು ಆಮೇಲೆ ಒಬ್ಬನೇ ಕೂತು ಎಷ್ಟೋ ನೋಡಿದ್ದೇನೆ. ತುಳಿಯುವವನಿರುತ್ತಾನೆ, ತಿರುಗಿಬೀಳುವವನಿರುತ್ತಾನೆ. ಬೆರಳು ಒರೆಸಿಕೊಳ್ಳುವವನು ಎಲ್ಲಾದರೂ ಇದ್ದಾನೆಯೇ ಎಂದು ಗುಂಪಿನ ಮುಖಗಳಲ್ಲಿ ಹುಡುಕುತ್ತೇನೆ.

ಹತ್ತು ವರ್ಷದ ಮೇಲೆ ಹುಣಸೂರು ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ಮೇಷ್ಟರಾಗಿದ್ದ. ಮಳೆಬೆಳೆ ಮಾತಾಡಿದೆವು. ಹೊರಡುವಾಗ ಕೇಳಿದ:

"ಆ ಪಿಚ್ಚರ್ ಕೊನೇಲಿ ಏನಾಯ್ತು? ನೀನು ಪೂರ್ತಿ ನೋಡ್ದಲ್ಲ."

"ಊರೋರೆಲ್ಲ ಆ ಆಳಿನ ಕಡೆ ನಿಂತ್ರು," ಎಂದೆ.

ಬಸ್ಸೊಂದು ಹಾರ್ನ್ ಮಾಡುತ್ತ ಹೋಯಿತು. ಅವನು ಕೇಳಿಸುವ ಕಿವಿಯನ್ನು ನನ್ನ ಕಡೆ ತಿರುಗಿಸಿ, "ಇನ್ನೊಂದ್ಸಲ ಯೋಳು," ಎಂದು ಕಾಯುತ್ತ ನಿಂತ.