ಹಾಲಿನ ಜಡೆಯಲ್ಲ, ಹಾಲವ್ವನ ಜಡೆ

ದಾವಣಗೆರೆಯ ನಮ್ಮ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಮೈಲಪ್ಪನಷ್ಟು ಮಾತು ಕಡಿಮೆಯವನನ್ನು ನಾನು ಕಂಡಿಲ್ಲ. ನಾನು ಕರಡು ತಿದ್ದುವವನು. ಹನ್ನೆರಡು ವರ್ಷ ಅವನ ಎದುರಿಗೇ ಕೂತವನು. ಅಷ್ಟು ವರ್ಷದಲ್ಲಿ ಅವನು ಮನೆಯ ವಿಷಯ ಹೇಳಿದ್ದು ಇಷ್ಟೇ: ಅಪ್ಪ ಗುತ್ತೆಪ್ಪ, ಹೊಳೆಯಾಚೆಯ ರೈತ, ಮಗ ತೊಟ್ಟಿಲಲ್ಲಿದ್ದಾಗಲೇ ತೀರಿಹೋದ. ಅವ್ವ ಹತ್ತಿ ಗಿರಣಿಯಲ್ಲಿ ದುಡಿದು ಸಾಕಿದಳು, ಅವಳೂ ಹೋದಳು.

ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆಯಲ್ಲಿ ಹರಿಹರದ ಮೇಷ್ಟ್ರೊಬ್ಬರು ಸುತ್ತಲಿನ ಸ್ಥಳಗಳ ಮೇಲೆ ಬರೆದ ಪುಸ್ತಕ ಅಚ್ಚಿಗೆ ಬಂತು. ಮೇಷ್ಟ್ರು ಮೈಸೂರು ಕಡೆಯವರು. ಒಳ್ಳೆಯವರೇ, ಆದರೆ ಯಾವ ಹೆಸರು ಕಂಡರೂ ಅದರ ಹೊಟ್ಟೆ ಬಗೆದು ಅರ್ಥ ತೆಗೆಯುವ ಚಟ. ಹೊಳೆಯಾಚೆಯ ಗುಡ್ಡದ ಗವಿಯಲ್ಲಿ ಮೇಲಿಂದ ನೆಲದವರೆಗೆ ಇಳಿಬಿದ್ದ ಬಿಳಿಗಲ್ಲೊಂದಿದೆ, ಮೂರು ಎಳೆ ಹೆಣೆದ ಹಾಗೆ. ಅದರ ಬಗ್ಗೆ ಅವರು ಬರೆದಿದ್ದರು: "ಹಾಲಿನ ಜಡೆ. ಹಾಲಿನಂತೆ ಬೆಳ್ಳಗಿರುವುದರಿಂದ ಈ ಹೆಸರು."

ಕರಡು ನನ್ನ ಕೈಗೆ ಬಂದಾಗ "ಹಾಲವ್ವನ ಜಡೆ" ಎಂದಿತ್ತು. ತಿದ್ದಿ ಕಳಿಸಿದೆ. ಮತ್ತೆ ಹಾಲವ್ವನೇ ಬಂದಳು. ಮೈಲಪ್ಪನ ಕೈ ತಪ್ಪುವುದೆಂದರೆ ಸೂರ್ಯ ಪಡುವಣದಲ್ಲಿ ಹುಟ್ಟಿದ ಹಾಗೆ. ಮೂರನೆಯ ಸಲವೂ ಹಾಗೇ ಬಂದಾಗ ನನ್ನ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಮೇಷ್ಟ್ರೇ ಬಂದು ಕರಡು ನೋಡಿದರು.

"ಏನಪ್ಪಾ, ನಾನು ಬರೆದದ್ದೊಂದು, ನೀನು ಜೋಡಿಸೋದೊಂದು?"

"ಜನ ಅನ್ನೋದು ಹಾಲವ್ನ ಜಡೆ ಅಂತ ರೀ ಮೇಷ್ಟ್ರೆ. ನಿಮಗ ಹಾಲಿನ ಅಂತ ಕೇಳಿಸೈತೆ," ಅಂದ ಮೈಲಪ್ಪ.

ನಮ್ಮ ಕಡೆಯವರು ಪದದ ನಡುವಿನ ಅಕ್ಷರ ನುಂಗುವುದು ನಿಜ. ಹಾಲವ್ವ ಎಂಬುದು ಇಲ್ಲಿ ಹೆಂಗಸರ ಹೆಸರೆಂದು ಮೈಸೂರಿನವರಿಗೆ ಹೇಗೆ ತಿಳಿಯಬೇಕು? ಆದರೂ ಮೇಷ್ಟ್ರು ಪಟ್ಟು ಬಿಡಲಿಲ್ಲ.

"ಸರಿ, ಹಾಲವ್ವ ಅಂತಲೇ ಇಟ್ಕೊಳ್ಳೋಣ. ಯಾವ ದೇವತೆ ಅದು?"

"ದೇವತೆ ಅಲ್ರಿ. ಹೆಣ್ಮಗಳು."

"ಆಧಾರ ಬೇಕಲ್ಲಪ್ಪಾ. ಸುಮ್ಮನೆ ಅಚ್ಚು ಹಾಕೋಕಾಗುತ್ತಾ?"

ಮೈಲಪ್ಪ ಕೈಯಲ್ಲಿದ್ದ ಮೊಳೆಗಳನ್ನು ಕೆಳಗಿಟ್ಟ. ಅಚ್ಚಿನ ಯಂತ್ರ ನಡೆಸುತ್ತಿದ್ದವನು ಅವನ ಹೆಂಡತಿಯ ತಮ್ಮ ಭರಮಣ್ಣ. ಮೈಲಪ್ಪ ಅವನನ್ನೊಮ್ಮೆ ನೋಡಿದ.

"ಆಧಾರ ನಾನೇ ರೀ. ಲಗ್ನ ಆಗದ ಹುಡುಗಿ ಬಸುರಾದ್ಲು ಅಂತ ಊರೋರು ಹೊರಗ ಹಾಕಿದ್ರು. ನಾಕು ತಿಂಗಳು ಆ ಗವಿಯಾಗ ಇದ್ಲು. ಆ ಕಲ್ಲಿಗೆ ಒರಗಿ ತಲೆ ಬಾಚ್ಕೊಂತಿದ್ಲಂತೆ. ದನ ಕಾಯೋರು ನೋಡಿ, ಅಗಾ ಹಾಲವ್ನ ಜಡೆ ಅಂತ ನಗ್ತಿದ್ರಂತೆ. ಚೇಷ್ಟೆಗೆ ಹುಟ್ಟಿದ ಹೆಸರು ರೀ ಅದು. ಈಗ ಅದೇ ಊರೋರು ಕಲ್ಲಿಗೆ ಹಾಲು ಹುಯ್ತಾರೆ. ಅಲ್ಲಿ ಹುಟ್ಟಿದ ಕೂಸು ನಾನು. ಗುತ್ತೆಪ್ಪ ಅನ್ನೋ ಅಪ್ಪ ಯಾರೂ ಇರಲಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭರಮಣ್ಣ ಯಂತ್ರ ನಿಲ್ಲಿಸಿದ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆ ತಾಯಿಯ ಹೆಸರಿಗೆ ಎರಡು ಸಲ ಕೆಂಪು ಶಾಯಿಯಲ್ಲಿ ಗೀಟು ಎಳೆದವನು ನಾನೇ.

"ಇಷ್ಟು ವರ್ಷ ಯಾಕ ಹೇಳಲಿಲ್ಲ ಭಾವ?" ಭರಮಣ್ಣ ಕೇಳಿದ.

"ಹೇಳಿದ್ರೆ ನಿಮ್ಮಕ್ಕನ್ನ ಕೊಡ್ತಿದ್ರೇನು?"

"ಇಲ್ಲ," ಅಂದ ಭರಮಣ್ಣ. ಹೆಗಲ ಮೇಲಿನ ವಸ್ತ್ರ ಕೊಡವಿ ಹೊರಗೆ ಹೋದವನು ಅವತ್ತು ತಿರುಗಿ ಬರಲಿಲ್ಲ.

ಮೇಷ್ಟ್ರು ತಮ್ಮ ಸಾಲನ್ನು ತಾವೇ ಹೊಡೆದು ಹಾಕಿ, ಮೈಲಪ್ಪ ಹೇಳಿದ್ದನ್ನು ಬರೆದರು. "ಹೇಳಿದವರ ಹೆಸರು ಹಾಕ್ಬೇಕು. ಬೇಡ ಅಂದ್ರೆ ಬಿಟ್ಟುಬಿಡ್ತೀನಿ," ಎಂದರು ಮೆಲ್ಲಗೆ.

"ಹಾಕ್ರಿ. ಮುಚ್ಚಿಟ್ಟಿದ್ದು ಸಾಕು."

"ಮೈಲಪ್ಪ, ತಂದೆ" ಎಂದು ರೂಢಿಯಂತೆ ಬರೆದು ಅವರ ಲೇಖನಿ ನಿಂತಿತು. ಮೈಲಪ್ಪ ಕಾಗದಕ್ಕೆ ಕಾಯಲಿಲ್ಲ. ತಾನೇ ಮೊಳೆ ಆರಿಸಿ ಜೋಡಿಸಿದ: "ಹೇಳಿದವರು: ಹಾಲವ್ವನ ಮಗ ಮೈಲಪ್ಪ."

ಮರುದಿನ ಮಧ್ಯಾಹ್ನ ಭರಮಣ್ಣ ಬಂದ. ಪುಟವನ್ನು ಯಂತ್ರಕ್ಕೆ ಏರಿಸಿ, ಮೊದಲ ಹಾಳೆಯನ್ನು ಶಾಯಿ ಆರುವ ಮುಂಚೆಯೇ ಭಾವನ ಮುಂದೆ ಹಿಡಿದ.

"ಅವ್ವನ ಹೆಸರು ಸರಿ ಮೂಡೈತೇನು ನೋಡ್ರಿ ಭಾವ."

ಮೈಲಪ್ಪ ನೋಡಿದ. ಕಣ್ಣು ತುಂಬಿ ಅಕ್ಷರ ಕಾಣದೆ, ಹಾಳೆಯನ್ನು ನನ್ನ ಕೈಗೆ ಕೊಟ್ಟು ಓದು ಅಂದ.